ಯಾಕಂತ ಕೇಳ್ರಿ!

೧೯೯೯ರಲ್ಲಿ ಇಳಕಲ್ಲಿನ ನೇಕಾರರ ಓಣಿಯ ಅಂಬವ್ವ ನೆಗಡಿ, ಜ್ವರವೆಂದು ಖಾಸಗಿ ದವಾಖಾನೆಗೆ ಹೋದಳು. ಡಾಕ್ಟರು ಅಲ್ಲೇ ಮಲಗಿಸಿಕೊಂಡು ಎರಡು ಹೊತ್ತೂ ಸೂಜಿ ಚುಚ್ಚಿದರು. ಜ್ವರ ಇಳಿಯಿತು, ಕಿವಿಯೂ ಹೋಯಿತು. ತನ್ನ ಮಗ್ಗದ ಸಪ್ಪಳವೇ ಅವಳಿಗೆ ಕೇಳದಾಯಿತು.

ಬಾಗಲಕೋಟೆಯ ಕಿವಿ ಡಾಕ್ಟರು ಔಷಧದ ಚೀಟಿ ನೋಡಿ ಅವಳ ಮಗಳು ಚೇತನಾಗೆ ಹೇಳಿದರು: “ನೆಗಡಿಗೆ ಈ ಸೂಜಿ ಬೇಕಾಗಿರ್ಲಿಲ್ಲ, ತಂಗೀ. ಇದರಿಂದನ ನಿಮ್ಮವ್ವನ ಕಿವಿ ಹೋಗ್ಯಾವ.”

ಚೇತನಾ ಅದನ್ನು ಕೈಸನ್ನೆಯಲ್ಲಿ ತಿಳಿಸಿದಾಗ ಅಂಬವ್ವ ಅಳಲಿಲ್ಲ. ಮರುದಿನವೇ ಆ ದವಾಖಾನೆಯ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತಳು. ಒಳಗೆ ಹೋಗುವವರಿಗೆಲ್ಲ ಕೂಗಿ ಹೇಳಿದಳು: “ಸೂಜಿ ಮಾಡಿಸ್ಕೊಳ್ಳೂಕಿಂತ ಮೊದ್ಲ ಯಾಕಂತ ಕೇಳ್ರಿ! ನಾ ಕೇಳಲಿಲ್ಲ, ಕೆಪ್ಪಿ ಆದೆ!”

ಡಾಕ್ಟರು ಹೊರಗೆ ಬಂದು ಬೈದರು, ಆಮೇಲೆ ಕೈಮುಗಿದರು. ಅವಳು ಕದಲಲಿಲ್ಲ. ದಿನವೂ ಬಂದು ಕೂತಳು. ಕ್ರಮೇಣ ಜನ ನಿಜಕ್ಕೂ ಕೇಳತೊಡಗಿದರು. ಉತ್ತರ ಕೊಡಲಾಗದ ಡಾಕ್ಟರು ಮಳೆಗಾಲ ಮುಗಿಯುವಷ್ಟರಲ್ಲಿ ಬಾದಾಮಿಗೆ ಹೋಗಿ ಬೋರ್ಡು ಹಾಕಿದರು.

“ಸಾಕ್ ಬಿಡವ್ವ, ಊರಽ ಬಿಟ್ಟು ಹೋದ್ನಲ್ಲ,” ಎಂದು ಚೇತನಾ ಕೈಯಾಡಿಸಿ ತಿಳಿಹೇಳಿದಳು.

ಅಂಬವ್ವ ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು.

“ಬಾದಾಮಿ ಬಸ್ಸು ಮುಂಜಾನೆ ಎಷ್ಟಕ್ಕೈತಿ?” ಎಂದು ಕೇಳಿದಳು.