ಅರಿವಿ ಆರುವ ಮೊದಲು

ಕಾಕೂ ಅವರ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಬಾಜು ಮನೆಯ ಹಿರಿಯಾಕೆ, ಜೈನರು. ಮನೆಗೆ ನಳವಿದ್ದರೂ ಕುಡಿಯಲು ಹಿತ್ತಲ ಬಾವಿಯ ನೀರೇ ಆಗಬೇಕು. ದಪ್ಪ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತಿದ್ದರು. ಆಮೇಲೆ ಅದನ್ನು ಮಗುಚಿ, ಸೋಸಿದ ನೀರಲ್ಲೇ ಜಾಲಿಸಿ, ಆ ನೀರನ್ನು ಬಕೆಟ್ಟಿನಲ್ಲಿ ಮೆಲ್ಲಗೆ ಅದೇ ಬಾವಿಗೆ ಇಳಿಸುತ್ತಿದ್ದರು. ಅರಿವೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಬೇರೆ ನೀರಿನಲ್ಲಿ ಬದುಕುವುದಿಲ್ಲ ಎಂದು ಅವರ ನಂಬಿಕೆ. "ಅವರವರ ಮನಿಗೆ ಅವರನ್ನ ಮುಟ್ಟಸಬೇಕು" ಎನ್ನುತ್ತಿದ್ದರು.

ನಾನು ಆಗ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಅಂಥ ಜೀವಗಳನ್ನು ದಿನವೂ ಸ್ಲೈಡಿನ ಮೇಲೆ ನೋಡಿ ತೊಳೆದುಬಿಡುತ್ತಿದ್ದೆ. ಅದನ್ನು ಕಾಕೂಗೆ ಹೇಳಿರಲಿಲ್ಲ.

ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ ಒಂದು ರವಿವಾರ, ಖಾನಾಪುರದ ಆಚೆಯ ಕಣಿವೆಯಿಂದ ನೀರಿನ ಗಡಿಗೆ ತರಲು ನನ್ನನ್ನು ಜೊತೆಗೆ ಕರೆದರು. "ಮಧ್ಯಾಹ್ನ ಊಟಕ್ಕ ಮನ್ಯಾಗ ಇರತೇವಿ" ಎಂದು ನಮ್ಮ ತಾಯಿಗೆ ಹೇಳಿದರು. ಬೆಳಗಿನ ಪ್ಯಾಸೆಂಜರ್ ದೇಸೂರ ದಾಟುವಾಗ ಇನ್ನೂ ಮಂಜಿತ್ತು. ಖಾನಾಪುರದಿಂದ ಬಸ್ಸಿನಲ್ಲಿ ಹೋಗಿ, ಸ್ಟಾಪಿನಿಂದ ನಡೆದು ಕಣಿವೆಗೆ ಇಳಿದೆವು. ಭತ್ತ ಕೊಯ್ದ ಗದ್ದೆಗಳು, ಹುಲ್ಲಿನ ಬಣವೆಗಳು, ಕುಂಬಾರರ ಆವಿಗೆಯ ಹೊಗೆ.

ಕುಂಬಾರರ ಬಾವಿಯ ನೀರನ್ನೂ ಕಾಕೂ ಸೋಸಿಯೇ ಕುಡಿದರು. ಮನೆಯಾಕೆ ನಕ್ಕಳು. "ಏನ್ರಿ ಕಾಕೂ, ನಮ್ಮ ನೀರಾಗ ಹುಳಾ ಅದಾವೇನು?"

"ಇದ್ರ ನಿಮ್ಮ ಊರವರ. ನಾ ಯಾಕ ಬೆಳಗಾವಿಗೆ ಒಯ್ಯಲಿ?"

ಅರಿವೆಯನ್ನು ಜಾಲಿಸಿ ಬಾವಿಗೆ ಬಿಡಲು ನನಗೆ ಹೇಳಿ, ತಾವು ಗಡಿಗೆಗಳನ್ನು ಒಂದೊಂದಾಗಿ ಬಾರಿಸಿ ನೋಡತೊಡಗಿದರು. ಹನ್ನೊಂದರ ಬಸ್ಸಿಗೆ ಹೊತ್ತಾಗಿತ್ತು. ನಾನು ಒದ್ದೆ ಅರಿವೆಯನ್ನು ಹಾಗೆಯೇ ಚೀಲಕ್ಕೆ ತುರುಕಿದೆ.

ಅಲ್ಲಿಂದ ಬಸ್ ಸ್ಟಾಪಿಗೆ ಇಪ್ಪತ್ತು ನಿಮಿಷದ ಏರು. ಕಾಕೂ ಮೊಣಕಾಲು ಹಿಡಿದುಕೊಂಡೇ ಹತ್ತಿದರು. ಸ್ಟಾಪಿನಲ್ಲಿ ನಿಂತಾಗ ಚೀಲದಿಂದ ನನ್ನ ಪಾದದ ಮೇಲೆ ನೀರು ತೊಟ್ಟಿಕ್ಕಿತು. ಬಸ್ಸು ಕಾಣಿಸುತ್ತಿತ್ತು. ಇದು ತಪ್ಪಿದರೆ ಮುಂದಿನದು ಐದಕ್ಕೆ. ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಕಾಕೂ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹೊರಗೆ ಬೇಯಿಸಿದ್ದನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ತಿಂದದ್ದು ಒಂದು ಹಿಡಿ ಅವಲಕ್ಕಿ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಕಾಕೂ, ಅರಿವಿ ಜಾಲಿಸಿಲ್ರಿ."

ಅವರು ಬಸ್ಸನ್ನು ನೋಡಿದರು. ಚೀಲಕ್ಕೆ ಕೈ ಹಾಕಿ ಅರಿವೆ ಮುಟ್ಟಿದರು. "ಹಸೀನ ಐತಿ. ನಡಿ."

"ಏನ್ ಮರತ್ರಿ ಯವ್ವಾ?" ಎಂದು ಕಂಡಕ್ಟರ್ ಬಾಗಿಲಿನಿಂದ ಕೇಳಿದ.

"ನಮ್ಮ ಕೂಡ ಬಂದ ಮಂದಿನ್ನ ಮನಿಗೆ ಬಿಟ್ಟ ಬರಬೇಕಪಾ."

ಅವನು ನಮ್ಮ ಹಿಂದೆಲ್ಲ ನೋಡಿ, ಯಾರೂ ಕಾಣದೆ, ಸೀಟಿ ಊದಿದ.

ಕೊಂಡ ಗಡಿಗೆಯನ್ನು ಸ್ಟಾಪಿನ ಚಹಾದಂಗಡಿಯಲ್ಲಿಟ್ಟು ತಿರುಗಿ ಇಳಿದೆವು. ಕಾಕೂ ನನ್ನ ಭುಜ ಹಿಡಿದು ನಡೆದರು. ಒಂದು ಮಾತೂ ಬೈಯಲಿಲ್ಲ. ಬಾವಿಯ ಬಳಿ ಅರಿವೆ ಜಾಲಿಸಿ, ಬಕೆಟ್ಟಿನ ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ಮ್ಯಾಲಿಂದ ಒಗೀಬ್ಯಾಡ. ನೀರಿಗೆ ನೀರು ಮುಟ್ಟಲಿ." ಬಕೆಟ್ಟು ಇಳಿಯುವಾಗ ಕೇಳಿದರು, "ಹೇಳಬಾರದಿತ್ತು ಅನಸ್ತದೇನ, ತಂಗಿ?"

"ಅನಸ್ತದ್ರಿ. ನೀವು ಉಪಾಸ ಇರಬೇಕಾತು."

"ನನ್ನ ಹೊಟ್ಟಿ ನಾಳೆ ತುಂಬತದ. ಅರಿವಿ ಆರೂದ್ರಾಗ ಹೇಳಿದಿ, ಅಷ್ಟ ಸಾಕು."

ಬಸ್ಸು ಬರುವವರೆಗೆ ಕುಂಬಾರರ ಅಂಗಳದಲ್ಲಿ ಕುಳಿತೆವು. ಮನೆಯಾಕೆ ಕೊಟ್ಟ ಎರಡು ಬಾಳೆಹಣ್ಣು ತಿಂದು, ಕಾಕೂ ಮರುದಿನ ಹೊತ್ತು ಹುಟ್ಟುವವರೆಗೆ ಹಾಗೆಯೇ ಇದ್ದರು. ಮುಂದೆ ಪ್ರಯೋಗಾಲಯದಲ್ಲಿ ಕೈತಪ್ಪಿದಾಗಲೆಲ್ಲ ನಾನು ಅದೇ ದಿನ ಹೋಗಿ ಮೇಲಿನವರಿಗೆ ಹೇಳುತ್ತಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ.

ನಾಲ್ಕು ವರ್ಷಗಳ ನಂತರ ಒಂದು ಬೆಳಿಗ್ಗೆ, ನೀರು ಸೋಸಿಟ್ಟು ಅಡುಗೆಮನೆಯ ಗೋಡೆಗೆ ಒರಗಿ ಕುಳಿತ ಕಾಕೂ ಏಳಲಿಲ್ಲ. ನಾನು ಹೋದಾಗ ಮನೆ ತುಂಬ ಜನ. ಕಣಿವೆಯಿಂದ ತಂದ ಆ ಗಡಿಗೆಯ ಬಾಯಿಯ ಮೇಲೆ ಅರಿವೆ ಹಾಗೆಯೇ ಇತ್ತು. ಮುಟ್ಟಿ ನೋಡಿದೆ, ಇನ್ನೂ ಹಸಿಯಿತ್ತು. ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಜಾಲಿಸಿದೆ. ಬಕೆಟ್ಟು ನೀರನ್ನು ಮುಟ್ಟುವವರೆಗೆ ಹಗ್ಗವನ್ನು ಮೆಲ್ಲಗೆ ಬಿಟ್ಟೆ.