ಗಡಿ ದಾಟದ ಮಾರಿ

ಭಾವನ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಉದ್ದವಾಗಿ, ಬುಡದವರೆಗೆ ಕೆಂಪಾಗಿರುತ್ತಿತ್ತು. ಹಳೆಯ ಮರದ ದೇವರುಗಳ ಮುಖಕ್ಕೆ ಮೆತ್ತಿದ ಎಣ್ಣೆ, ಕುಂಕುಮದ ಜಿಡ್ಡನ್ನು ಅವರು ಆ ಉಗುರಿನಿಂದಲೇ ಕೆರೆದು ತೆಗೆಯುತ್ತಿದ್ದರು. ಚಾಕು ತಾಗಿಸಿದರೆ ಬಣ್ಣವೂ ಎದ್ದುಬರುತ್ತದೆ ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಆ ಕೈ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಿ ಎಂದು ನಮ್ಮಕ್ಕ ಗದರುತ್ತಿದ್ದಳು.

ಅರವತ್ತರ ದಶಕದ ಕೊನೆಯ ಮಾತು. ಭಾವ ಹುಣಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬಂತೆಂದರೆ ಸೈಕಲ್ ಏರಿ ಹಳ್ಳಿ ಸುತ್ತುವುದು, ಪಾಳುಗುಡಿಯಲ್ಲಿ, ಹೊಳೆದಂಡೆಯಲ್ಲಿ ಜನ ಬಿಟ್ಟುಹೋದದ್ದನ್ನೆಲ್ಲ ಗೋಣಿಯಲ್ಲಿ ಹೊತ್ತು ತರುವುದು. ಮೈಸೂರಿನಲ್ಲಿ ಹೊಸದಾಗಿ ಒಂದು ಮ್ಯೂಸಿಯಂ ಶುರುವಾಗಿತ್ತು. ತಂದದ್ದೆಲ್ಲ ಕೊನೆಗೆ ಅಲ್ಲಿಗೇ. ನಾನು ಹುಣಸೂರಿನಲ್ಲಿ ಅವರ ಬೀದಿಯಲ್ಲೇ ಹೊಗೆಸೊಪ್ಪಿನ ವ್ಯಾಪಾರ ಮಾಡಿಕೊಂಡಿದ್ದವನು. ಈ ಕಸ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ರೇಗಿಸಿದರೆ, "ಗೆದ್ಲು ತಿನ್ನೋಕ್ ಮುಂಚೆ ನಾಕ್ ಜನ ನೋಡ್ಲಿ ಬುಡು" ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ಒಂದು ಹುಬ್ಬಿನ ಗೆರೆಯನ್ನು ನಿಂತು ನೋಡುವುದನ್ನು ನನಗೆ ಕಲಿಸಿದವರು ಅವರೇ.

ನಮ್ಮ ಕಡೆ ಸಿಡುಬಿಗೆ ಅಮ್ಮ ಎನ್ನುತ್ತಾರೆ. ಊರಿಗೆ ಅಮ್ಮ ಬಂದರೆ ಮಾರಿಯ ಮರದ ಬೊಂಬೆ ಮಾಡಿಸಿ, ಪೂಜಿಸಿ, ಗಡಿಯಾಚೆ ಇಟ್ಟು ತಿರುಗಿ ನೋಡದೆ ಬರುತ್ತಾರೆ. ಆಚೆ ಊರಿನವರು ಅದನ್ನು ಇನ್ನೊಂದು ಗಡಿಗೆ ಸಾಗಿಸುತ್ತಾರೆ. ಮನೆಗಂತೂ ಯಾರೂ ತರುವುದಿಲ್ಲ. ಗಾವಡಗೆರೆ ದಾರಿಯ ಗಡಿಯಲ್ಲಿ ಕಂಡ ಅಂಥದೊಂದು ಮಾರಿಯನ್ನು ಈ ಪುಣ್ಯಾತ್ಮ ಮನೆಗೆ ತಂದರು. ದುಂಡು ಕಣ್ಣು, ಕೆಂಪು ಮುಖ, ಕಚ್ಚಿದ ತುಟಿ. ಅಂಥ ಕೆತ್ತನೆ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿಯಾಗಿದ್ದರು.

ಆ ತಿಂಗಳಲ್ಲೇ ಅವರ ಒಬ್ಬಳೇ ಮಗಳ ಮೈಮೇಲೆ ಅಮ್ಮ ಎದ್ದಿತು. ಇನ್ನೂ ಸ್ಕೂಲಿಗೆ ಸೇರದ ಮಗು. ಡಾಕ್ಟರು ಬಂದು ನೋಡಿ, ಕಾಯಬೇಕು ಅಷ್ಟೇ ಎಂದರು. ಬೇವಿನ ಸೊಪ್ಪು ಹಾಸಿ ಮಗುವಿನ ಪಕ್ಕ ಕೂತಿದ್ದ ಅಕ್ಕ ಎದ್ದು ಬಂದು ಗಂಡನ ಕಾಲು ಹಿಡಿದಳು. "ಅವಳ್ನ ಗಡಿ ದಾಟಿಸ್ಬುಡ್ರೀ. ನನ್ ಮಗು ಉಳೀತದೆ."

ಭಾವ ವಾದ ಮಾಡಲಿಲ್ಲ. ಅಕ್ಕ ಮಗಳ ಹಬ್ಬದ ಹಸಿರು ಲಂಗ ಹರಿದು, ಅದರಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು, ತವರಿನಿಂದ ಹೊರಟ ಹೆಣ್ಣಿಗೆ ಕಟ್ಟುವಂತೆ ಮಾರಿಯ ಸೊಂಟಕ್ಕೆ ಮಡಿಲಕ್ಕಿ ಕಟ್ಟಿದಳು. ಭಾವ ಹೊತ್ತುಕೊಂಡು ಹೊರಟರು. ಸಂಜೆ ಬಂದು, ಪಿರಿಯಾಪಟ್ಟಣದ ದಾರಿಯಲ್ಲಿ ಗಡಿ ದಾಟಿಸಿದೆ ಎಂದರು. ಆ ವಾರ ಕಳೆಯುವುದರೊಳಗೆ ಮಗು ತೀರಿಕೊಂಡಿತು.

ಅಕ್ಕ ತನ್ನನ್ನೇ ಹಳಿದುಕೊಂಡಳು. ಮಡಿಲಕ್ಕಿಯಲ್ಲಿ ಬಳೆ ಇಡಲು ಮರೆತಿದ್ದಳಂತೆ, ಅದಕ್ಕೇ ಅಮ್ಮ ಮುನಿದಳಂತೆ. ಬಂದವರಿಗೆಲ್ಲ ಅದನ್ನೇ ಹೇಳಿ ಅಳುತ್ತಿದ್ದಳು. ಭಾವ ತಲೆ ತಗ್ಗಿಸಿ ಕೇಳುತ್ತ ಕೂತಿರುತ್ತಿದ್ದರು. ಆ ಉಗುರನ್ನು ಕತ್ತರಿಸಿಬಿಟ್ಟಿದ್ದರು.

ಮಾರನೆಯ ವರ್ಷ ದಸರೆಗೆ, ಅವಳ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ನಾನೇ ಮೈಸೂರಿಗೆ ಕರೆದೊಯ್ದೆ. ಭಾವ ಬರಲಿಲ್ಲ. ಗಂಡ ತಂದ ಬೊಂಬೆಗಳನ್ನು ನೋಡಬೇಕೆಂದಳು. ಮೇಷ್ಟ್ರ ಹೆಂಡತಿ ಎಂದು ತಿಳಿದು ಮ್ಯೂಸಿಯಂ ಅಧಿಕಾರಿ ಉಪಚಾರ ಮಾಡಿ ಒಳಗಿನ ಹಾಲಿಗೆ ಕರೆದುಕೊಂಡು ಹೋದರು. ಗಾಜಿನ ಪೆಟ್ಟಿಗೆಯಲ್ಲಿ ಮಾರಿ ನಿಂತಿದ್ದಳು. ಸೊಂಟದಲ್ಲಿ ಹಸಿರು ಲಂಗದ ಗಂಟು ಹಾಗೇ ಇತ್ತು. ಮೇಷ್ಟ್ರು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು, ಒಂದು ಚೂರೂ ಮುಕ್ಕಾಗಿಲ್ಲ ನೋಡಿ ಎಂದು ಅಧಿಕಾರಿ ಹೆಮ್ಮೆಪಟ್ಟರು.

ಅಕ್ಕ ಗಾಜಿನ ಮೇಲೆ ಅಂಗೈ ಊರಿ ನಿಂತಳು. ಅಂದಿನಿಂದ ಗಂಡನಿಗೆ ಬಡಿಸಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಆಡಲಿಲ್ಲ. ಭಾವ ನನ್ನ ಹತ್ತಿರ ಒಮ್ಮೆ ಹೇಳಿಕೊಂಡರು. "ಗಡೀಲಿ ಇಡಾನ ಅಂತ್ಲೇ ಹೋದೆ ಕಣೋ. ಮುಖ ನೋಡ್ದೆ. ಮಳೇಲಿ ಕೊಳ್ತೋಯ್ತದಲ್ಲಾ ಅನ್ನುಸ್ತು." ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಮಾರಿಯ ಆ ಮುಖ ನೋಡಿದ್ದ ನಾನು ಹಿಡಿಯಲಿಲ್ಲ.

ಕೆಲವು ವರ್ಷಕ್ಕೆ ಎದೆಯ ಕಾಯಿಲೆ ಅವರನ್ನು ಹಾಸಿಗೆಗೆ ಹಾಕಿತು. ಕೊನೆಯ ದಿನ ಅಕ್ಕ ಒದ್ದೆ ಬಟ್ಟೆಯಿಂದ ಅವರ ಎಡಗೈ ಒರೆಸುತ್ತಿದ್ದಳು. ಹೆಬ್ಬೆರಳಿನ ಹತ್ತಿರ ನಿಲ್ಲಿಸಿ, "ಅವ್ಳಾದ್ರೂ ಉಳ್ಕಂಡ್ಲಲ್ಲ, ಬುಡಿ" ಎಂದಳು. ಭಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಸಂಜೆಗೆ ಹೋದರು.

ಮೈಸೂರಿಗೆ ಹೋದಾಗ ಈಗಲೂ ಆ ಗಾಜಿನ ಮುಂದೆ ನಿಲ್ಲುತ್ತೇನೆ. ಹುಬ್ಬಿನ ಗೆರೆ ನೋಡಲು ಭಾವ ಕಲಿಸಿದ್ದಾರೆ, ಮೊದಲು ಅದನ್ನೇ ನೋಡುತ್ತೇನೆ. ಆಮೇಲೆ ಕಣ್ಣು ಆ ಹಸಿರು ಗಂಟಿಗೆ ಇಳಿಯುತ್ತದೆ, ಅಲ್ಲಿಂದ ಮೇಲೇಳುವುದಿಲ್ಲ.