ಫ್ಯಾನಿನ ಮುಂದಿನ ಜಾಲರಿ

ದುಂಡೇಶ ಕೊಕಟನೂರಿನವನು, ಅಥಣಿ ಸುತ್ತಿನ ಕೋಲ್ಡ್ ಸ್ಟೋರೇಜುಗಳ ಮೆಕ್ಯಾನಿಕ್. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ. ಇಪ್ಪತ್ತು ವರ್ಷ ಯಂತ್ರಗಳ ನಡುವೆ ದುಡಿದು, ಕೆಟ್ಟದ್ದೇನೆಂದು ಕಿವಿಯಿಂದಲೇ ಗುರುತಿಸಲು ಕಲಿತಿದ್ದ.

ಕಳೆದ ಏಪ್ರಿಲ್‌ನಲ್ಲಿ ಅಲ್ಲೇ ಹತ್ತಿರದ ಅನಂತಪುರದ ಸಮ್ಮೇದ ಅವನನ್ನು ಕರೆಸಿದಾಗ ಸಮ್ಮೇದನ ತಲೆಗೆ ಆರು ಹೊಲಿಗೆ ಬಿದ್ದಿದ್ದವು. ಹೊಡೆದವನು ಪಕ್ಕದ ಕಬ್ಬಿನ ಹೊಲದ ಲಗಮಣ್ಣ. ಸಮ್ಮೇದನ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಫ್ಯಾನುಗಳು ಎರಡು ತಿಂಗಳಿಂದ ಒಂದೇ ಸ್ವರದಲ್ಲಿ ಕೂಗುತ್ತಿದ್ದವು. ಏರದ, ಇಳಿಯದ, ನಿಲ್ಲದ ಕೂಗು. ನಿದ್ದೆಗೆಟ್ಟ ಲಗಮಣ್ಣ ಮೊದಲು ಎತ್ತಿಗೆ ಹೊಡೆದ, ಆಮೇಲೆ ಹೆಂಡತಿ ಕೆಂಚವ್ವನಿಗೆ, ಕೊನೆಗೆ ಸಮ್ಮೇದನಿಗೆ.

"ಇವತ್ತ ಸಂಜಿತನಾ ಟೈಮ್ ಕೊಟ್ಟಾನ. ಆಮ್ಯಾಲ ಕಡೀತೇನಿ ಅಂದಾನ," ಎಂದ ಸಮ್ಮೇದ.

ದುಂಡೇಶ ಫ್ಯಾನುಗಳನ್ನು ಒಂದೊಂದಾಗಿ ನಿಲ್ಲಿಸಿ ಆಲಿಸಿದ. ಮೋಟಾರುಗಳು ಸರಿಯಿದ್ದವು. ಗಾಳಿ ಒಳಗೆಳೆಯುವ ಕಡೆ, ರೆಕ್ಕೆಗಳಿಂದ ನಾಲ್ಕೇ ಬೆರಳು ದೂರದಲ್ಲಿ, ದಪ್ಪ ಪಟ್ಟಿಗಳ ಹೊಸ ಜಾಲರಿ ಇತ್ತು.

"ಇದನ್ಯಾರು ಹಾಕ್ಯಾರ್ರಿ, ಸಾವ್ಕಾರ್ರ?"

"ನಾನ. ಗುಬ್ಬಿ ಸಿಕ್ಕು ಸಾಯಾಕತ್ತಿದ್ವು. ಜೀವಹಿಂಸಾ ನಮಗ ಜೈನರಿಗೆ ನಡ್ಯಂಗಿಲ್ಲ."

"ಗುಬ್ಬಿ ಉಳದ್ವು. ನಿಮ್ಮ ತಲಿ ಒಡೀತು."

"ಜಾಳಗಿ ತಗ್ಯಾಕ ನಾ ಒಪ್ಪಂಗಿಲ್ಲ."

"ತಗ್ಯಂಗಿಲ್ರಿ. ಒಂದ್ ಮೊಳ ಹೊರಗ ಸರಸ್ತೇನಿ. ಪಟ್ಟಿ ಸೀಳಿದ ಗಾಳಿನ ರೆಕ್ಕಿ ಹೊಡೀತಾವು. ಅದ ಕೂಗತೈತಿ."

ಸಂಜೆಯೊಳಗೆ ಮೂರು ಫ್ಯಾನು ಮುಗಿದವು. ನಾಲ್ಕನೆಯದಕ್ಕೆ ಎರಡು ಬೋಲ್ಟ್ ಬಾಕಿಯಿರುವಾಗಲೇ, ಕೂಗು ನಿಂತಿದೆಯೇ ಎಂದು ಕೇಳಲು, ಏಣಿಯ ಮೇಲಿಂದಲೇ ಸಮ್ಮೇದನಿಗೆ ಹೇಳಿ ಎಲ್ಲವನ್ನೂ ಚಾಲೂ ಮಾಡಿಸಿದ. ಫ್ಯಾನು ತಿರುಗುವುದನ್ನು ಕಂಡದ್ದೇ ಲಗಮಣ್ಣ ಕಬ್ಬಿನೊಳಗಿಂದ ಓಡಿಬಂದು ಏಣಿ ಎಳೆದ. ದುಂಡೇಶ ಕಾಂಕ್ರೀಟಿನ ಮೇಲೆ ಬಿದ್ದ. ಹೆಗಲ ಮೂಳೆ ಮುರಿಯಿತು. ಲಗಮಣ್ಣ ಪಕ್ಕೆಗೆ ಎರಡು ಸಲ ಒದ್ದ. ಹಿಂದೆಯೇ ಬಂದ ಕೆಂಚವ್ವ ಅವನ ಅಂಗಿ ಹಿಡಿದಳು. ಅವಳನ್ನೂ ನೆಲಕ್ಕೆ ತಳ್ಳಿದ.

ದುಂಡೇಶ ಬಾಯಿಯ ರಕ್ತ ಉಗುಳಿದ. "ಮೊದಲ ಕೇಳಲೇ. ಆಮ್ಯಾಲ ಒದಿ."

ಲಗಮಣ್ಣ ಎತ್ತಿದ ಕಾಲು ಇಳಿಸಿದ. ಗಾಳಿಯ ಸದ್ದಿತ್ತು, ಕೂಗಿರಲಿಲ್ಲ.

"ಮ್ಯಾಲ ಎರಡು ಬೋಲ್ಟ್ ಉಳದಾವು. ಬಿಗೀಲಿಲ್ಲಂದ್ರ ನಾಳಿ ಜಾಳಗಿ ನಡಗತೈತಿ," ಎಂದ ದುಂಡೇಶ.

ಲಗಮಣ್ಣ ಬೋಲ್ಟ್ ಬಿಗಿಯುವ ಪಾನಾ ಎತ್ತಿಕೊಂಡು, ಏಣಿ ಮತ್ತೆ ನಿಲ್ಲಿಸಿ ಹತ್ತಿದ. ಕ್ಷಮೆ ಕೇಳಲಿಲ್ಲ.

ಎರಡು ಬೋಲ್ಟಿಗೆ ಕರಗುವ ಮನುಷ್ಯ ದುಂಡೇಶನಲ್ಲ. ಮರುದಿನ ಆಸ್ಪತ್ರೆಯ ಮಂಚದಿಂದಲೇ ಪೊಲೀಸರಿಗೆ ದೂರು ಬರೆಸಿದ. ಅದು ಸರಿಯಾದದ್ದೇ. ಸಾಕ್ಷಿ ಯಾರೆಂದು ಹವಾಲ್ದಾರ ಕೇಳಿದಾಗ ಮಂಚದ ಪಕ್ಕದಲ್ಲಿದ್ದ ಸಮ್ಮೇದ, "ಮಗ್ಗಲದ ಹೊಲದಾವರು, ಹೊಂದಿಕೊಂಡ್ ಹೋಗೂಣ್ರಿ," ಎಂದು ನೆಲ ನೋಡಿದ. ಬಾಗಿಲಲ್ಲಿದ್ದ ಕೆಂಚವ್ವ ಒಳಗೆ ಬಂದಳು.

"ನಾ ನೋಡೇನ್ರಿ. ಬರ್ಕೋರಿ."